ಸಿಯುರಾನಾದ ಸುಣ್ಣಕಲ್ಲಿನ ಬಂಡೆಗಳಿಗೆ ಎರಡು ವಾರದ ಪ್ರವಾಸ: ನಮ್ಮ ಯೋಜನೆ ಸರಿಯಿದೆಯೇ?

ಮೂಲ ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾವು ಇಬ್ಬರು ಹೆಂಗಸರು, ಇಬ್ಬರು ಗಂಡಸರು, ಒಟ್ಟು ನಾಲ್ವರು. ಕಂಠೀರವ ಕ್ರೀಡಾಂಗಣದ ಕ್ಲೈಂಬಿಂಗ್ ಗೋಡೆಯ ಬಳಿ ಪರಿಚಯವಾದವರು. ಆರು ವರ್ಷಗಳಿಂದ ಚಳಿಗಾಲ ಬಂತೆಂದರೆ ಬಾದಾಮಿಗೆ ಹೋಗಿ, ಬೋಲ್ಟ್ ಹಾಕಿರುವ ದಾರಿಗಳಲ್ಲಿ ಲೀಡ್ (ಬೋಲ್ಟಿನಿಂದ ಬೋಲ್ಟಿಗೆ ಹಗ್ಗವನ್ನು ತಾವೇ ಸಿಕ್ಕಿಸುತ್ತ ಮೇಲೇರುವುದು) ಹತ್ತುತ್ತ ಬಂದಿದ್ದೇವೆ. ಬರುವ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಸ್ಪೇನಿನ ಕ್ಯಾಟಲೋನಿಯಾದಲ್ಲಿರುವ ಸಿಯುರಾನಾ ಎಂಬ ಹಳ್ಳಿಗೆ ಹೋಗಬೇಕೆಂದು ಹಣ ಕೂಡಿಡುತ್ತಿದ್ದೇವೆ. ಗ್ರೀಸಿನ ಕಾಲಿಮ್ನೋಸ್ ದ್ವೀಪವನ್ನೂ ಯೋಚಿಸಿದ್ದೆವು. ಆದರೆ ನಮಗೆ ಬೇಕಾದದ್ದು ಸಂಜೆಯಾದ ಮೇಲೆ ಸದ್ದಡಗುವ ಊರು.

ಈಗಿನ ಯೋಜನೆ ಹೀಗಿದೆ. ಹದಿನಾಲ್ಕು ದಿನಗಳಲ್ಲಿ ಹನ್ನೆರಡು ದಿನ ಬಂಡೆ ಹತ್ತುವುದು, ಎರಡು ದಿನ ವಿಶ್ರಾಂತಿ. ವಾಸಕ್ಕೆ ಡೇರೆ. ಕಾರು ಬಾಡಿಗೆಗೆ ಪಡೆಯದೆ ಬಸ್ಸು ರೈಲುಗಳಲ್ಲೇ ಓಡಾಟ. ಬಾದಾಮಿಯಲ್ಲಿ ನಮ್ಮಲ್ಲಿಬ್ಬರು 7ಎ ಗ್ರೇಡಿನ ದಾರಿಗಳನ್ನು ಮುಗಿಸಿದ್ದೇವೆ, ಉಳಿದಿಬ್ಬರು 6ಬಿ ಮಟ್ಟದವರು (ಗ್ರೇಡಿನ ಸಂಖ್ಯೆ, ಅಕ್ಷರ ಏರಿದಷ್ಟೂ ದಾರಿ ಕಠಿಣ). ಸಿಯುರಾನಾದಲ್ಲಿ 7ಎ ಯಿಂದಲೇ ಆರಂಭಿಸಿ ಪ್ರತಿಯೊಬ್ಬರೂ ಮುಗಿಸಬೇಕಾದ ದಾರಿಗಳ ಪಟ್ಟಿಯನ್ನೂ ಬರೆದಿಟ್ಟಿದ್ದೇವೆ. ನಮ್ಮ ಹಗ್ಗ 60 ಮೀಟರಿನದು. ನಮ್ಮಲ್ಲಿ ಮೂವರು ಸಸ್ಯಾಹಾರಿಗಳು. ಇದರಲ್ಲಿ ಎಲ್ಲಿ ಎಡವುತ್ತಿದ್ದೇವೆ ಎಂಬುದನ್ನು ಅಲ್ಲಿಗೆ ಹೋಗಿ ಬಂದವರು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಕೋರುತ್ತೇನೆ.

ಬಾರ್ಸಿಲೋನಾದಲ್ಲಿರುವ ಕನ್ನಡಿಗ

ನಮಸ್ಕಾರ. ನಾನು ಈ ಊರಿಗೆ ಬಂದು ಒಂಬತ್ತು ವರ್ಷಗಳಾದವು, ಸಿಯುರಾನಾಕ್ಕೆ ವರ್ಷದಲ್ಲಿ ನಾಲ್ಕೈದು ಸಲವಾದರೂ ಹೋಗಿಬರುತ್ತೇನೆ. ನೀವು ಆರಿಸಿಕೊಂಡ ಕಾಲ ಚೆನ್ನಾಗಿದೆ, ಊರೂ ಚೆನ್ನಾಗಿದೆ. ಯೋಜನೆಯ ಉಳಿದ ಭಾಗವನ್ನು ಮಾತ್ರ ಮತ್ತೊಮ್ಮೆ ಕೂತು ಬರೆಯಬೇಕಾದೀತು.

ಮೊದಲು ಊರನ್ನು ಕಣ್ಣಮುಂದೆ ತಂದುಕೊಳ್ಳಿ. ತಾರಾಗೋನಾ ಜಿಲ್ಲೆಯ ಪ್ರಾದೆಸ್ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 737 ಮೀಟರ್ ಎತ್ತರದಲ್ಲಿ, ಮೂರು ಕಡೆ ಪ್ರಪಾತವಿರುವ ಒಂದು ಮೂಗಿನಂಥ ಬಂಡೆಯ ಮೇಲೆ ಬೆರಳೆಣಿಕೆಯ ಕಲ್ಲುಮನೆಗಳು, ರೋಮನೆಸ್ಕ್ ಶೈಲಿಯ ಸಾಂತಾ ಮರಿಯಾ ಇಗರ್ಜಿ, ಮತ್ತು ಹಾಳುಬಿದ್ದ ಒಂದು ಕೋಟೆ. ಊರೆಂದರೆ ಇಷ್ಟೇ. ಕ್ಯಾಟಲೋನಿಯಾದಲ್ಲಿ ಮೂರ್ ಎಂದು ಕರೆಯಲಾಗುವ ಮುಸ್ಲಿಮರ ಕೈಯಲ್ಲಿ ಕೊನೆಯವರೆಗೂ ಉಳಿದಿದ್ದ ಕೋಟೆ ಇದು. 1153ರ ಸುಮಾರಿಗೆ ಬಿದ್ದಿತು. ಶತ್ರುಗಳ ಕೈಗೆ ಸಿಗಬಾರದೆಂದು ಮೂರ್ ರಾಣಿ ಕುದುರೆಯೊಡನೆ ಪ್ರಪಾತಕ್ಕೆ ಹಾರಿದಳು, ಕುದುರೆ ಕೊನೆಯ ಗಳಿಗೆಯಲ್ಲಿ ಕಾಲೂರಿ ತಡೆದು ನಿಂತ ಗುರುತು ಬಂಡೆಯ ಅಂಚಿನಲ್ಲಿ ಇನ್ನೂ ಇದೆ ಎಂದು ಊರಿನವರು ತೋರಿಸುತ್ತಾರೆ. ಕೆಳಗೆ 1972ರಲ್ಲಿ ಮುಗಿದ ಜಲಾಶಯವಿದೆ. ಸಂಜೆ ಬಿಸಿಲು ಇಳಿಯುವಾಗ ಬೂದು ಬಂಡೆಯೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ನಿಂತವರು ದನಿ ಏರಿಸಿ ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ.

ಆದರೆ ಈ ಊರಿನಲ್ಲಿ ದಿನಸಿ ಅಂಗಡಿ ಸಿಗುತ್ತದೆಂದು ನಂಬಿ ಬರಬೇಡಿ. ತರಕಾರಿ, ಬ್ರೆಡ್ಡು, ಔಷಧಿ ಏನೇ ಬೇಕೆಂದರೂ ಸುಮಾರು ಒಂಬತ್ತು ಕಿಲೋಮೀಟರ್ ಕೆಳಗಿನ ಕೊರ್ನುದೇಯಾಕ್ಕೆ ಇಳಿಯಬೇಕು, ಅಲ್ಲಿಯ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತವೆ, ಭಾನುವಾರದ ಮಾತು ಹೇಳುವುದೇ ಬೇಡ. ಬಾರ್ಸಿಲೋನಾದಿಂದ ರೇವುಸ್ ಪಟ್ಟಣಕ್ಕೆ ರೈಲು, ಅಲ್ಲಿಂದ ಕೊರ್ನುದೇಯಾಕ್ಕೆ ಬಸ್ಸು, ಇಷ್ಟರಮಟ್ಟಿಗೆ ನಿಮ್ಮ ಲೆಕ್ಕ ಸರಿ. ಆ ಬಸ್ಸು ಬೆಟ್ಟ ಹತ್ತಿ ಸಿಯುರಾನಾಕ್ಕೆ ಬರುವುದಿಲ್ಲ. ನಾಲ್ವರ ಹಗ್ಗ, ಸಲಕರಣೆ, ಡೇರೆ, ಎರಡು ವಾರದ ಅಕ್ಕಿಬೇಳೆ ಹೊತ್ತು ಆ ತಿರುವುರಸ್ತೆಯಲ್ಲಿ ನಡೆಯುವುದೆಂದರೆ ಮೊದಲ ದಿನವೇ ಬೆನ್ನು ಸೋತುಹೋಗುತ್ತದೆ.

ಆದ್ದರಿಂದ ಕಾರು ಬಾಡಿಗೆಗೆ ಪಡೆಯಿರಿ. ಹೊರಡುವ ಮುಂಚೆ ನಿಮ್ಮ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಇಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕಾದ್ದರಿಂದ ವಿಮಾನ ಇಳಿದ ರಾತ್ರಿಯೇ ಬೆಟ್ಟದ ರಸ್ತೆಗೆ ಕೈಹಾಕದೆ ಒಂದು ರಾತ್ರಿ ರೇವುಸ್‌ನಲ್ಲಿ ಮಲಗಿ. ಕಾರಿನೊಳಗೆ ಪಾಸ್‌ಪೋರ್ಟನ್ನಂತೂ ಬಿಡಲೇಬೇಡಿ, ಖಾಲಿ ಚೀಲವನ್ನೂ ಕಾಣುವಂತೆ ಇಡಬೇಡಿ.

ಧಾರವಾಡದಿಂದ

ಬೆಂಗಳೂರಿನವರಿಗೆ ನಮಸ್ಕಾರ. ಬಾದಾಮಿಯ ಬಂಡೆಯಲ್ಲಿ ಹದಿನೈದು ವರ್ಷ ಕಳೆದವನು ನಾನು, ಸಿಯುರಾನಾಕ್ಕೆ ಎರಡು ಬಾರಿ ಹೋಗಿದ್ದೇನೆ. ಊಟ, ಕಾರು ಇವುಗಳ ವಿಚಾರ ಬಲ್ಲವರು ಹೇಳಿದ್ದಾರೆ, ನಾನು ಕಲ್ಲಿನ ವಿಚಾರವನ್ನಷ್ಟೇ ಹೇಳುತ್ತೇನೆ.

ನಮ್ಮ ಬಾದಾಮಿಯದು ಮರಳುಗಲ್ಲು. ಅದನ್ನು ಮುಟ್ಟಿದರೆ ಕಾಳುಕಾಳಾಗಿ ಹತ್ತುತ್ತದೆ. ಹಿಡಿಕೆಗಳು ಅಡ್ಡಗೆರೆಗಳಾಗಿ, ಮೆಟ್ಟಿಲಿನ ಅಂಚುಗಳಂತೆ ಬರುತ್ತವೆ. ಕೆಳಗೆ ನಿಂತೇ ದಾರಿಯ ಅರ್ಧವನ್ನು ಓದಬಹುದು. ಸುಣ್ಣಕಲ್ಲಿನ ಹುಟ್ಟೇ ಬೇರೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಒಂದಿಷ್ಟು ಹುಳಿಯಾಗಿ, ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಅದನ್ನು ಕರಗಿಸುತ್ತದೆ. ಒಂದು ಕಡೆ ಕರಗಿದ್ದು ಇನ್ನೊಂದು ಕಡೆ ಜಿನುಗಿ ಮತ್ತೆ ಗಟ್ಟಿಯಾಗುತ್ತದೆ. ಒಂದು ಬೆರಳು ಹೋಗುವ ಕುಳಿ, ಬ್ಲೇಡಿನಂಥ ಅಂಚು, ಮೇಲಿನಿಂದ ಮೇಣದಂತೆ ಇಳಿಬಿದ್ದ ಕೊಳವೆ, ಎಲ್ಲವೂ ಈ ನೀರಿನ ಕೆಲಸವೇ. ಕರ್ನಾಟಕದಲ್ಲಿ ಈ ಜಾತಿಯ ಕಲ್ಲನ್ನು ನೋಡಬೇಕೆಂದರೆ ಯಾಣಕ್ಕೆ ಹೋಗಬೇಕು. ‘ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ’ ಎಂದು ಹಿರಿಯರು ಹೇಳಿದ್ದು ದಾರಿಯ ಕಷ್ಟಕ್ಕೆ. ಆದರೆ ಅದು ದೇವರ ಸ್ಥಳ, ನಾವು ಹಗ್ಗ ಹಾಕುವ ಜಾಗವಲ್ಲ. ಹಾಗಾಗಿ ಸುಣ್ಣಕಲ್ಲಿನ ಅಭ್ಯಾಸ ನಮಗೆ ಇಲ್ಲಿ ಸಿಕ್ಕುವುದಿಲ್ಲ, ಅಲ್ಲಿಯೇ ಆಗಬೇಕು.

ಸಿಯುರಾನಾದ ಗೋಡೆಗಳು ಹೆಚ್ಚಾಗಿ ನೆಟ್ಟಗೆ ಅಥವಾ ತುಸುವೇ ಮುಂದಕ್ಕೆ ಬಾಗಿ ನಿಂತಿರುತ್ತವೆ. ಹಿಡಿಕೆಗಳು ಚಿಕ್ಕವು, ಬೂದುಕಲ್ಲಿನ ಮೈಯಲ್ಲಿ ಅಡಗಿರುತ್ತವೆ. ಕಾಲಿಡುವ ಜಾಗವನ್ನು ಹುಡುಕುವುದರಲ್ಲೇ ತೋಳಿನ ಶಕ್ತಿ ಇಳಿದುಹೋಗುತ್ತದೆ. ಹೆಸರಾದ ಸುಲಭ ದಾರಿಗಳಲ್ಲಿ ಸಾವಿರಾರು ಜನರ ಬೂಟು ತಾಗಿ ಕಾಲಂಚುಗಳು ನುಣುಪಾಗಿವೆ. ಮೊದಲ ದಿನ ನಾನು 6ಎ+ ದಾರಿಯೊಂದರ ನಾಲ್ಕನೆಯ ಬೋಲ್ಟಿನ ಬಳಿ ಮೊಣಕಾಲು ನಡುಗುತ್ತ ನಿಂತಿದ್ದೆ. ಬಲಗೈಯ ಎರಡು ಬೆರಳು ಒಂದು ಕುಳಿಯಲ್ಲಿತ್ತು, ಎಡಗೈಗೆ ಏನೂ ಸಿಗದೆ ಗೋಡೆಯನ್ನು ಸವರುತ್ತಿದ್ದೆ. ಕೊನೆಗೆ ನನ್ನ ಸೊಂಟದ ಮಟ್ಟದಲ್ಲೇ, ಅಡ್ಡಕ್ಕೆ ತಿರುಗಿದರೆ ಮಾತ್ರ ಕಾಣುವ ಒಂದು ಅಂಚು ಸಿಕ್ಕಿತು. ಬಾದಾಮಿಯಲ್ಲಿ 7ಎ ಹತ್ತಿದ ನಾನು ಅಲ್ಲಿ ಮೊದಲ ನಾಲ್ಕು ದಿನ ಆರನೆಯ ಗ್ರೇಡನ್ನು ದಾಟಲಿಲ್ಲ. ಆ ನಾಲ್ಕು ದಿನ ನನ್ನ ಪಾಲಿಗೆ ನಷ್ಟವಲ್ಲ, ಆಮೇಲಿನ ದಿನಗಳು ಸಾಧ್ಯವಾದದ್ದೇ ಅದರಿಂದ.

ಆದ್ದರಿಂದ ನಿಮ್ಮ ಪಟ್ಟಿಯನ್ನು ಹೊರಡುವ ಮುಂಚೆಯೇ ಹರಿದುಹಾಕಿ ಎಂಬುದು ನನ್ನ ಸ್ಪಷ್ಟ ಸಲಹೆ. ಊರಿಗೆ ಹತ್ತಿರದ ಕಾನ್ ಮೆಲಾಫೋಟ್ಸ್ ಗೋಡೆಯಲ್ಲಿ ಐದು, ಆರರ ಗ್ರೇಡಿನ ದಾರಿಗಳಿವೆ, ಅಲ್ಲಿಂದ ಶುರು ಮಾಡಿ. ಹನ್ನೆರಡು ದಿನ ಹತ್ತುವ ಲೆಕ್ಕ ಬೆರಳ ತುದಿಯ ಚರ್ಮ ಅನುಮತಿಸದ ಲೆಕ್ಕ. ಎರಡು ದಿನ ಹತ್ತಿ ಒಂದು ದಿನ ಬಿಟ್ಟರೆ ಮಾತ್ರ ಆ ಕಲ್ಲಿನಲ್ಲಿ ಕೊನೆಯ ದಿನದವರೆಗೆ ಬೆರಳು ಉಳಿಯುತ್ತದೆ.

ಇನ್ನು ಹಗ್ಗ. ಇದನ್ನು ದಯವಿಟ್ಟು ಎರಡು ಸಲ ಓದಿ. ಇಳಿಸುವಾಗ ಹಗ್ಗ ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬರುವುದರಿಂದ, 60 ಮೀಟರಿನ ಹಗ್ಗದಲ್ಲಿ 30 ಮೀಟರಿಗಿಂತ ಎತ್ತರದ ದಾರಿಯಿಂದ ಒಬ್ಬರನ್ನು ನೆಲಕ್ಕೆ ಇಳಿಸಲಾಗದು. ಸಿಯುರಾನಾದಲ್ಲಿ ಅದಕ್ಕೂ ಎತ್ತರದ ದಾರಿಗಳು ಬೇಕಾದಷ್ಟಿವೆ. 80 ಮೀಟರಿನದು ಕೊಳ್ಳಿ, ಹಣ ಸಾಲದಿದ್ದರೆ ಕನಿಷ್ಠ 70. ಕ್ವಿಕ್‌ಡ್ರಾ (ಬೋಲ್ಟಿಗೆ ಹಗ್ಗ ಸಿಕ್ಕಿಸುವ ಜೋಡಿಕೊಕ್ಕೆ) ಹದಿನೆಂಟು ಇರಲಿ. ಏಳು ವರ್ಷದ ಹಿಂದೆ ಬಾದಾಮಿಯಲ್ಲೇ ನಾನು ಬಿಲೇ ಹಿಡಿದು (ಕೆಳಗೆ ನಿಂತು ಹಗ್ಗ ಕಾಯುತ್ತ) ಗೆಳೆಯನನ್ನು ಇಳಿಸುತ್ತಿದ್ದೆ, ಮಾತಿನಲ್ಲಿ ಮೈಮರೆತಿದ್ದೆ. ಹಗ್ಗದ ಬಾಲ ನನ್ನ ಕಾಲ ಬಳಿಯ ಚೀಲದಿಂದ ಎದ್ದು ಗಾಳಿಯಲ್ಲಿ ತೂಗಿದ್ದು ಕಣ್ಣಿಗೆ ಬಿದ್ದಾಗ ನನ್ನ ಬಿಲೇ ಸಾಧನದ ಈಚೆಗೆ ಒಂದು ಮೊಳ ಹಗ್ಗ ಉಳಿದಿತ್ತು, ಅವನು ಇನ್ನೂ ಎರಡಾಳು ಎತ್ತರದಲ್ಲಿದ್ದ. ತುದಿಗೆ ಗಂಟು ಹಾಕಿರಲಿಲ್ಲ. ಪಕ್ಕದಲ್ಲಿದ್ದ ಮರದ ದಿಮ್ಮಿಯ ಮೇಲೆ ಹತ್ತಿ ಹತ್ತಿ ಹೇಗೋ ಅವನನ್ನು ಒಂದು ಚಾಚುಗಲ್ಲಿಗೆ ಮುಟ್ಟಿಸಿದೆ. ಆ ತಪ್ಪು ಪೂರ್ತಿಯಾಗಿ ನನ್ನದು. ಅಂದಿನಿಂದ ಹಗ್ಗದ ಬಾಲದಲ್ಲಿ ಗಂಟು ಕಾಣದೆ ನಾನು ಯಾರನ್ನೂ ನೆಲದಿಂದ ಮೇಲಕ್ಕೆ ಬಿಟ್ಟಿಲ್ಲ.

ಮೈಸೂರಿನಿಂದ

ನಾನು ಬಂಡೆ ಹತ್ತುವವಳಲ್ಲ, ಮಗಳ ಜೊತೆ ಹೋಗಿ ಹತ್ತು ದಿನ ಅಡುಗೆ ನೋಡಿಕೊಂಡವಳು. ಸಸ್ಯಾಹಾರದ ಬಗ್ಗೆ ನೀವು ಹೆದರಬೇಕಾಗಿಲ್ಲ. ಬ್ರೆಡ್ಡಿಗೆ ಹಣ್ಣು ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಉಪ್ಪು ಸವರಿ ಕೊಡುತ್ತಾರೆ, ಅದು ಅಲ್ಲಿಯ ದಿನನಿತ್ಯದ ತಿಂಡಿ. ಎಣ್ಣೆಯೂ ಅದೇ ಸೀಮೆಯದು, ಸಿಯುರಾನಾದ ಹೆಸರಿನಲ್ಲೇ ಮಾರಾಟವಾಗುತ್ತದೆ, ಅರ್ಬೆಕಿನಾ ಎಂಬ ಪುಟ್ಟ ಕಾಯಿಯಿಂದ ತೆಗೆದದ್ದು. ಬದನೆಕಾಯಿ, ದೊಣ್ಣೆಮೆಣಸಿನಕಾಯಿಗಳನ್ನು ಸುಟ್ಟು, ಸಿಪ್ಪೆ ಸುಲಿದು, ಎಣ್ಣೆಯಲ್ಲಿ ಹಾಕುವ ಎಸ್ಕಾಲಿವಾಡಾ ತಿಂದಾಗ ನನಗೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ವಾಸನೆಯೇ ಬಂದಂತಾಯಿತು. ನೀವು ಹೋಗುವ ದಿನಗಳಲ್ಲಿ ಕಾಲ್ಸೋಟ್ ಸುಗ್ಗಿ ಇನ್ನೂ ಇರುತ್ತದೆ. ಉದ್ದನೆಯ ಈರುಳ್ಳಿಗಿಡಗಳನ್ನು ಒಣ ದ್ರಾಕ್ಷಿಬಳ್ಳಿಯ ಉರಿಯಲ್ಲಿ ಕಪ್ಪಾಗುವವರೆಗೆ ಸುಟ್ಟು, ಹೊರಪದರ ಎಳೆದುಹಾಕಿ, ಬಾದಾಮಿ ಹಾಕಿ ರುಬ್ಬಿದ ಕೆಂಪು ಚಟ್ನಿಯಲ್ಲಿ ಅದ್ದಿ ತಲೆ ಹಿಂದಕ್ಕೆ ಬಾಗಿಸಿ ತಿನ್ನುತ್ತಾರೆ. ಒಂದೇ ಎಚ್ಚರಿಕೆಯೆಂದರೆ, ತರಕಾರಿ ಎಂದು ಹೇಳಿ ತಂದ ತಟ್ಟೆಯಲ್ಲೂ ಮೀನಿನ ಚೂರು, ಹಂದಿಮಾಂಸದ ಚೂರು ಇರುವುದುಂಟು. ಮಾಂಸವೂ ಬೇಡ, ಮೀನೂ ಬೇಡ ಎಂದು ಎರಡನ್ನೂ ಬೇರೆಬೇರೆಯಾಗಿ ಹೇಳಬೇಕು. ಚಟ್ನಿಪುಡಿ, ಅವಲಕ್ಕಿ, ಒಂದು ಚಿಕ್ಕ ಕುಕ್ಕರ್ ಒಯ್ಯಿರಿ.

ಇನ್ನೊಂದು ಮಾತು. ಫೆಬ್ರವರಿ ರಾತ್ರಿಗಳಲ್ಲಿ ಅಲ್ಲಿಯ ಚಳಿ ಶೂನ್ಯದವರೆಗೆ ಇಳಿಯುವುದುಂಟು. ಮೊದಲ ವಾರವಾದರೂ ಡೇರೆ ಬಿಟ್ಟು ಕೋಣೆಯಲ್ಲಿ ಮಲಗಿ. ಚಳಿಯಲ್ಲಿ ನಿದ್ದೆಗೆಟ್ಟ ಮಗಳು ಬೆಳಗ್ಗೆ ಹಾರ್ನೆಸ್ (ಹಗ್ಗ ಕಟ್ಟುವ ಸೊಂಟಪಟ್ಟಿ) ಕಟ್ಟಿಕೊಳ್ಳುವಾಗ ಬಕಲ್ ತಪ್ಪಾಗಿ ಹಾಕಿದ್ದನ್ನು ನಾನೇ ಕಂಡಿದ್ದೇನೆ.

ಹುಬ್ಬಳ್ಳಿಯಿಂದ

ವೀಸಾ ಮತ್ತು ವಿಮೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸ್ಪೇನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಪ್ರವಾಸದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. ನೀವು ಮೂರು ತಿಂಗಳ ಮುಂಚೆಯೇ ಮುಗಿಸಿ. ಅರ್ಜಿಯೊಂದಿಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಷ್ಟು ಮಾಡಿಸಿದರೆ ವೀಸಾ ಸಿಗುತ್ತದೆ, ಬಂಡೆಯಿಂದ ಬಿದ್ದಾಗ ಅದು ನಿಮ್ಮ ನೆರವಿಗೆ ಬರುತ್ತದೆಂದು ಮಾತ್ರ ತಿಳಿಯಬೇಡಿ. ನಾನು ಹೊರದೇಶದಲ್ಲಿ ಬಂಡೆ ಹತ್ತುವಾಗ ಮುಂಗಾಲಿನ ಮೂಳೆ ಮುರಿದುಕೊಂಡೆ. ವಿಮೆಯವರು ನಾಲ್ಕು ತಿಂಗಳು ಕಾಗದಪತ್ರ ಕೇಳಿ, ಕೊನೆಗೆ ಪಾಲಿಸಿಯ ಇಪ್ಪತ್ತನೆಯ ಪುಟದಲ್ಲಿದ್ದ ‘ಸಾಹಸ ಕ್ರೀಡೆಗಳನ್ನು ಹೊರತುಪಡಿಸಿ’ ಎಂಬ ಸಾಲು ತೋರಿಸಿ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಆಸ್ಪತ್ರೆಯ ಸಾಲ ತೀರಿಸಲು ನನಗೆ ಎರಡು ವರ್ಷ ಹಿಡಿಯಿತು. ಹಗ್ಗ ಬಳಸಿ ಬಂಡೆ ಹತ್ತುವುದು ಮತ್ತು ಬೆಟ್ಟದಿಂದ ರಕ್ಷಣೆ, ಈ ಎರಡೂ ಒಳಗೊಂಡಿವೆ ಎಂದು ಬರಹದಲ್ಲಿ ಉತ್ತರ ಬಂದ ಮೇಲೆಯೇ ಹಣ ಕಟ್ಟಿ, ನಾಲ್ವರೂ. ಅಲ್ಲಿಯ ತುರ್ತು ಸಂಖ್ಯೆ 112.

ಮೂಲ ಪ್ರಶ್ನೆ ಕೇಳಿದವರು

ಧನ್ಯವಾದಗಳು. ಧಾರವಾಡದವರ ಬರಹವನ್ನು ನಿನ್ನೆ ರಾತ್ರಿ ನಾಲ್ವರೂ ಕೂತು ಗಟ್ಟಿಯಾಗಿ ಓದಿದೆವು. ಇನ್ನೂ ಎರಡು ಪ್ರಶ್ನೆಗಳು. ಹೆಸರಾಂತ ಎಲ್ ಪಾತಿ ಗೋಡೆಯನ್ನು ನಾವು ಹತ್ತಲಾಗದಿದ್ದರೂ ನೋಡಲು ಹೋಗಬಹುದೇ? ಹಾಗೆಯೇ, ಅಷ್ಟು ಚಿಕ್ಕ ಊರಿಗೆ ಇಷ್ಟೊಂದು ಜನ ಹೋಗುವುದನ್ನು ಊರಿನವರು ಹೇಗೆ ತೆಗೆದುಕೊಳ್ಳುತ್ತಾರೆ?

ಬಾರ್ಸಿಲೋನಾದಲ್ಲಿರುವ ಕನ್ನಡಿಗ

ನಿಮ್ಮ ಎರಡನೆಯ ಪ್ರಶ್ನೆಯನ್ನು ಹೋಗುವ ಮುಂಚೆ ಕೇಳುವವರು ಕಡಿಮೆ, ಕೇಳಿದ್ದಕ್ಕೆ ಸಂತೋಷವಾಯಿತು. ಮೊದಲು ಎಲ್ ಪಾತಿ. ಖಂಡಿತ ಹೋಗಿ. ಅಲ್ಲಿಯ ಲಾ ರಾಂಬ್ಲಾ ದಾರಿಯನ್ನು 1994ರಲ್ಲಿ ಜರ್ಮನಿಯ ಅಲೆಕ್ಸಾಂಡರ್ ಹ್ಯೂಬರ್ ಮೊದಲು ಹತ್ತಿದರು. 2003ರಲ್ಲಿ ರಾಮೊನ್ ಜೂಲಿಯಾನ್ ಅದನ್ನು ಇನ್ನೂ ಮೇಲಕ್ಕೆ ಒಯ್ದು 9ಎ+ ಮಾಡಿದರು. 2017ರ ಫೆಬ್ರವರಿಯಲ್ಲಿ ಅಮೆರಿಕದ ಮಾರ್ಗೋ ಹೇಯ್ಸ್ ಅದನ್ನು ಮುಗಿಸಿ, ಆ ಗ್ರೇಡನ್ನು ಖಚಿತವಾಗಿ ಮುಟ್ಟಿದ ಮೊದಲ ಮಹಿಳೆಯಾದರು. 2013ರಲ್ಲಿ ಜರ್ಮನಿಯ ಅಲೆಕ್ಸ್ ಮೆಗೋಸ್ ಎಸ್ಟಾಡೊ ಕ್ರಿಟಿಕೊ ಎಂಬ 9ಎ ದಾರಿಯನ್ನು ಮೊದಲ ಯತ್ನದಲ್ಲೇ, ಮುಂಚಿನ ಯಾವ ಸುಳಿವೂ ಇಲ್ಲದೆ ಹತ್ತಿದ್ದೂ ಸಿಯುರಾನಾದಲ್ಲೇ. ಲೋಕದಲ್ಲಿ ಅದುವರೆಗೆ ಯಾರೂ ಮಾಡಿರದ ಕೆಲಸವದು. ಗೋಡೆಯ ಬುಡದಲ್ಲಿ ಕೂತು ಗಮನವಿಟ್ಟು ಹತ್ತುವವರನ್ನು ನೋಡಿ. ಅವರು ಉಸಿರು ಬಿಡುವುದು ಎಲ್ಲಿ, ಕಾಲು ಬದಲಿಸುವುದು ಹೇಗೆ ಎಂಬುದನ್ನು ಕಂಡರೆ ನಿಮ್ಮ 6ಬಿ ದಾರಿಗೂ ಅದರಿಂದ ಪ್ರಯೋಜನವಿದೆ.

ಇನ್ನು ಊರು. ಇಲ್ಲಿಯ ಜನ ದಶಕಗಳಿಂದ ಬಂಡೆ ಹತ್ತುವವರನ್ನು ಕಂಡವರು, ನಮ್ಮಿಂದ ಅವರಿಗೆ ಒಂದಿಷ್ಟು ಆದಾಯವೂ ಇದೆ. ಆದರೂ ಅವರ ಸಹನೆಯನ್ನು ನಾವು ದುಡ್ಡು ಕೊಟ್ಟು ಕೊಂಡಿಲ್ಲ. ಗುರುತು ಮಾಡಿದ ಜಾಗದಲ್ಲಿ ಮಾತ್ರ ಕಾರು ನಿಲ್ಲಿಸಿ, ದ್ರಾಕ್ಷಿತೋಟ ಆಲಿವ್ ತೋಟಗಳ ಬಾಯಿಗೆ ಅಡ್ಡವಾಗಿ ಎಂದೂ ಬೇಡ. ಬಯಲುಕಡೆಗೆ ಹೋಗುವ ಅಗತ್ಯ ಬಂಡೆಯ ಬುಡದಲ್ಲಿ ಬಾರದಂತೆ ಬೆಳಗ್ಗೆಯೇ ನೋಡಿಕೊಳ್ಳಿ, ಬಂದರೆ ದೂರ ಹೋಗಿ ಹೂಳಿ, ಕಾಗದವನ್ನು ಚೀಲದಲ್ಲಿ ಹಿಂದಕ್ಕೆ ತನ್ನಿ. ಹಿಡಿಕೆಗಳ ಮೇಲೆ ಚಾಕ್‌ಪುಡಿಯಿಂದ ಎಳೆದ ಗುರುತುಗಳನ್ನು ಇಳಿಯುವಾಗ ಬ್ರಷ್ಷಿನಿಂದ ಉಜ್ಜಿಬಿಡಿ. ವಸಂತದಲ್ಲಿ ಹಕ್ಕಿಗಳು ಗೂಡು ಕಟ್ಟುವ ಕೆಲವು ಗೋಡೆಗಳಿಗೆ ನಿರ್ಬಂಧವಿರುತ್ತದೆ, ಬುಡದಲ್ಲಿ ಫಲಕ ಕಂಡರೆ ಮರುಮಾತಿಲ್ಲದೆ ಬೇರೆ ಗೋಡೆಗೆ ನಡೆಯಿರಿ. ನೀರಿನ ವಿಷಯವನ್ನಂತೂ ಒತ್ತಿ ಹೇಳುತ್ತೇನೆ. 2021ರಿಂದ 2024ರವರೆಗೆ ಕ್ಯಾಟಲೋನಿಯಾ ದೀರ್ಘ ಬರ ಕಂಡಿತು. ನೀವು ಚಿತ್ರಗಳಲ್ಲಿ ನೋಡಿರುವ ಆ ಹಸಿರುನೀಲಿ ಜಲಾಶಯ ತಳದ ಕೆಸರು ಬಿರುಕು ಬಿಡುವಷ್ಟು ಒಣಗಿದ್ದನ್ನು ನಾನು ಊರಿನ ಅಂಚಿನಲ್ಲಿ ನಿಂತು ನೋಡಿದ್ದೇನೆ, ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಏನೂ ಹೇಳದೆ ಒಳಗೆ ಹೋದರು. ಅಲ್ಲಿ ನಲ್ಲಿ ತಿರುಗಿಸುವಾಗ ಇದು ನೆನಪಿರಲಿ.

ಈಸ್ಟರ್ ವಾರವನ್ನು ತಪ್ಪಿಸಿ, ಆ ವಾರ ಯುರೋಪಿನ ಅರ್ಧ ಜನ ಅಲ್ಲಿರುತ್ತಾರೆ, ನೀವು ಬಯಸಿದ ಮೌನ ಸಿಗದು. ಬಿಡುವಿನ ದಿನಗಳಿಗೆ ತಾರಾಗೋನಾದ ರೋಮನ್ ಕಾಲದ ಬಯಲು ರಂಗಮಂದಿರ, ಪೊಬ್ಲೆತ್ ಮಠ, ಸ್ಕಾಲಾ ದೇಯಿ ಎಂಬ ಹಳೆಯ ಮಠದ ಹಾಳುಗೋಡೆಗಳು ಹತ್ತಿರದಲ್ಲೇ ಇವೆ. ಮಳೆ ಬಂದ ಮರುದಿನ ಬಂಡೆಯ ಮೈ ಒಣಗಿದಂತೆ ಕಂಡರೂ ಕುಳಿಗಳ ಒಳಗೆ ನೀರು ಜಿನುಗುತ್ತಿರುತ್ತದೆ, ಆ ದಿನವನ್ನು ಈ ಜಾಗಗಳನ್ನು ನೋಡಲು ಇಟ್ಟುಕೊಳ್ಳಿ.

ಮೂಲ ಪ್ರಶ್ನೆ ಕೇಳಿದವರು

ಎಲ್ಲರ ಮಾತನ್ನೂ ಮುಂದಿಟ್ಟುಕೊಂಡು ಯೋಜನೆಯನ್ನು ಹೊಸದಾಗಿ ಬರೆದಿದ್ದೇವೆ. ಹದಿನಾಲ್ಕು ದಿನಗಳಲ್ಲಿ ಒಂಬತ್ತು ದಿನ ಹತ್ತುವುದು, ಉಳಿದ ಐದು ಬಿಡುವಿಗೆ ಮತ್ತು ಮಳೆಗೆ. ಒಂದು ರಾತ್ರಿ ರೇವುಸ್‌ನಲ್ಲಿ, ಮೊದಲ ವಾರ ಕೋಣೆಯಲ್ಲಿ, ಎರಡನೆಯ ವಾರ ಚಳಿ ಇಳಿದರೆ ಮಾತ್ರ ಡೇರೆಯಲ್ಲಿ. ಒಂದು ಕಾರು, ಓಡಿಸುವ ಇಬ್ಬರೂ ಪರವಾನಗಿಗೆ ಅರ್ಜಿ ಹಾಕಿದ್ದಾರೆ. ಪಟ್ಟಿಯನ್ನು ಹರಿದದ್ದಾಯಿತು. ಹಾಗೆ ಹರಿದದ್ದಕ್ಕೆ ನಮ್ಮ 6ಬಿ ಮಟ್ಟದ ಗೆಳತಿಯ ಮುಖದಲ್ಲಿ ಎಷ್ಟು ನೆಮ್ಮದಿ ಕಂಡಿತೆಂದರೆ, ಇದುವರೆಗೆ ಅವಳನ್ನು ಕೇಳದೆಯೇ ಆ ಪಟ್ಟಿ ಬರೆದಿದ್ದೆವು ಎಂಬುದು ನಮಗೆ ಆಗ ಅರ್ಥವಾಯಿತು. ವಿಮೆಗೆ ಎರಡು ಕಡೆ ಬರಹದಲ್ಲಿ ಕೇಳಿದ್ದೇವೆ, ಒಂದು ಕಡೆಯಿಂದ ಇಲ್ಲವೆಂದು ಉತ್ತರ ಬಂದಿದೆ, ಇನ್ನೊಂದಕ್ಕೆ ಕಾಯುತ್ತಿದ್ದೇವೆ.

80 ಮೀಟರಿನ ಹಗ್ಗ ನಿನ್ನೆ ಮನೆಗೆ ಬಂತು. ಉದ್ದಕ್ಕೆ ಬಿಚ್ಚಿ ಅಳೆಯಲು ಮನೆಯಲ್ಲಿ ಜಾಗ ಸಾಲದೆ, ಬೆಳಗ್ಗೆ ಪಕ್ಕದ ಬೀದಿಯ ಮೈದಾನಕ್ಕೆ ಒಯ್ದು ಮಡಚಿ, ನಡುವಿನ ಗುರುತು ಸರಿಯಾಗಿ ನಡುವೆಯೇ ಇದೆಯೆಂದು ನೋಡಿಕೊಂಡೆವು. ಬಾಲಕ್ಕೆ ಗಂಟು ಹಾಕಿಯೇ ಚೀಲಕ್ಕೆ ಸೇರಿಸಿದ್ದೇವೆ. ಜನವರಿಯ ಎರಡನೆಯ ವಾರ ಇದೇ ಹಗ್ಗದೊಂದಿಗೆ ಬಾದಾಮಿಗೆ ಬರುತ್ತೇವೆ. ಧಾರವಾಡದವರಿಗೆ ಬಿಡುವಿದ್ದರೆ ಒಂದು ದಿನ ಬಂದು ನಮ್ಮ ಬಿಲೇ ಕ್ರಮವನ್ನು ನೋಡಿ ತಿದ್ದಿಕೊಡಬೇಕೆಂದು ವಿನಂತಿ.

ಧಾರವಾಡದಿಂದ

ಬರುತ್ತೇನೆ. ಬೆಳಗ್ಗೆ ಏಳಕ್ಕೆ ಅಗಸ್ತ್ಯತೀರ್ಥದ ಬಳಿ ಸಿಗೋಣ, ಬಿಸಿಲು ಏರುವ ಮುಂಚೆ ಎರಡು ದಾರಿ ಮುಗಿಸಬಹುದು. ನಿಮ್ಮ 6ಬಿಯ ಗೆಳತಿಯೇ ಮೊದಲು ಲೀಡ್ ಹತ್ತಲಿ.